ಓದಿಗೆ ಅಧಿಕಾರಿ ಯಾರು?

ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ಅನುಬಂಧ ಚತುಷ್ಟಯವನ್ನು ಹೇಳುವುದು ಪ್ರಾಚೀನರ ಪದ್ಧತಿ. ಗ್ರಂಥದ ವಿಷಯವಾವುದು, ಪ್ರಯೋಜನವಾವುದು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧವೆಂತಹುದು, ಅದನ್ನು ಓದತಕ್ಕ ಅಧಿಕಾರಿ ಯಾರು ಎಂಬ ಈ ನಾಲ್ಕನ್ನು ನಿರೂಪಿಸಿದ ಬಳಿಕವೇ ಶಾಸ್ತ್ರಕಾರನು ಮುಂದಿನ ಮಾತಿಗೆ ತೊಡಗುತ್ತಾನೆ. ಮೊದಲ ಮೂರರ ವಿಷಯದಲ್ಲಿ ವಾದವಿವಾದಗಳು ಅಷ್ಟಾಗಿ ಹುಟ್ಟಲಿಲ್ಲ. ನಾಲ್ಕನೆಯದರಲ್ಲಿ ಮಾತ್ರ ಬಹುಕಾಲದ ಜಗಳ ಅಡಗಿದೆ. ಅಧಿಕಾರಿ ಎಂಬ ಶಬ್ದಕ್ಕೆ ಎರಡು ಅರ್ಥಗಳು ಬೆಳೆದುಬಂದವು. ತಿಳಿಯಬೇಕೆಂಬ ಹಂಬಲವುಳ್ಳವನು, ಶಮದಮಾದಿಗಳಿಂದ ಮನಸ್ಸನ್ನು ಹದಗೊಳಿಸಿಕೊಂಡವನು ಅಧಿಕಾರಿ ಎಂಬುದು ಒಂದು ಅರ್ಥ. ಇಂಥ ಕುಲದಲ್ಲಿ ಹುಟ್ಟಿದವನು, ಅದರಲ್ಲಿಯೂ ಪುರುಷನಾದವನು ಅಧಿಕಾರಿ ಎಂಬುದು ಮತ್ತೊಂದು. ಹಂಬಲವು ಒಳಗಿನ ವಸ್ತು. ಅದನ್ನು ಬಾಗಿಲಲ್ಲಿ ನಿಂತವನು ಅಳೆಯಲಾರ. ಹುಟ್ಟಾದರೋ ಹೊರಗಿನ ಗುರುತು, ಕಾವಲುಗಾರನಿಗೆ ಕಾಣುವಂಥದು. ಕಾವಲು ಬೇಕೆಂದವರು ಎರಡನೆಯ ಅರ್ಥವನ್ನೇ ಹಿಡಿದುಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ಬ್ರಹ್ಮಸೂತ್ರಗಳ ಅಪಶೂದ್ರಾಧಿಕರಣವು ವೇದಾಧ್ಯಯನದ ಬಾಗಿಲಿಗೆ ಹಾಕಿದ ಅಗಳಿಯು ಈ ಎರಡನೆಯ ಅರ್ಥದಿಂದಲೇ ಬಂದುದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶಿವಶರಣರು ಮಾಡಿದ ಕಾರ್ಯಗಳಲ್ಲಿ ಈ ಅಗಳಿಯನ್ನು ತೆಗೆದುದು ಬಹು ದೊಡ್ಡದು. ಅವರು ಶಾಸ್ತ್ರದ ತಿರುಳನ್ನು ಹೊಲದಲ್ಲಿಯೂ ಅಂಗಡಿಯಲ್ಲಿಯೂ ಆಡುವ ಕನ್ನಡದಲ್ಲಿ ಹೇಳಿದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಹೇಳಿದವರು ಯಾರು, ಕೇಳಿದವರು ಯಾರು ಎಂಬುದನ್ನು ನೆನೆಯುವುದು ಕಡಿಮೆ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದರ ಕೇತಯ್ಯ, ಚೆಲ್ಲಿದ ಅಕ್ಕಿಯನ್ನು ಆಯುವ ಮಾರಯ್ಯನ ಪತ್ನಿ ಲಕ್ಕಮ್ಮ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಸೂಳೆ ಸಂಕವ್ವೆ ಇವರೆಲ್ಲರೂ ವಚನಕಾರರು. ಇವರಲ್ಲಿ ಯಾರೂ ಹಳೆಯ ಅರ್ಥದಲ್ಲಿ ಅಧಿಕಾರಿಗಳಲ್ಲ. ಮಂಟಪದ ಬಾಗಿಲಲ್ಲಿ ಇವರ ಕುಲವನ್ನಾಗಲಿ ಓದನ್ನಾಗಲಿ ಕೇಳಿದವರಿಲ್ಲ. ತಿಳಿಯಬಯಸಿ ಬಂದುದೇ ಇವರ ಅಧಿಕಾರವಾಯಿತು.

ಇಷ್ಟನ್ನು ಪೀಠಿಕೆಯಾಗಿ ಹೇಳಬೇಕಾದುದೇಕೆಂದರೆ, ಹುಟ್ಟಿನಿಂದ ಅಧಿಕಾರವನ್ನು ನಿರ್ಣಯಿಸುವ ಪದ್ಧತಿ ಇಂದು ಬಾಯಲ್ಲಿ ಯಾರೂ ಸಮರ್ಥಿಸದಂತಾಗಿದ್ದರೂ, ಪರರ ಓದಿಗೆ ಕಾವಲಿರಬೇಕೆಂಬ ಬುದ್ಧಿ ಬೇರೊಂದು ವೇಷದಲ್ಲಿ ಊರೂರಿಗೆ ಬಂದಿದೆ. 1965 ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವು ಈ ನಾಡಿನಲ್ಲಿ ಗ್ರಂಥಾಲಯಗಳಿಗೆ ಒಂದು ನೆಲೆಯನ್ನು ಕಲ್ಪಿಸಿತು. ಮನೆ ಕಟ್ಟಡಗಳ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ಜನರು ಸಲ್ಲಿಸತೊಡಗಿದರು. ಎಂದರೆ ಅಲ್ಲಿರುವ ಪುಸ್ತಕಗಳು ಊರಿನವರೇ ತಮ್ಮ ದುಡಿಮೆಯಿಂದ ಕೊಂಡ ಪುಸ್ತಕಗಳು. 2019 ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಮೇಲೆ ಅವುಗಳಿಗೆ ಅರಿವು ಕೇಂದ್ರವೆಂಬ ಹೆಸರು ಬಂದಿತು. ಹೆಸರಿಟ್ಟವರು ಶರಣರನ್ನು ನೆನೆದಿದ್ದರೋ ಇಲ್ಲವೋ, ಶರಣರ ಅತ್ಯಂತ ಪ್ರಿಯವಾದ ಮಾತೊಂದು ಪಂಚಾಯಿತಿ ಕಟ್ಟಡದ ಫಲಕವನ್ನೇರಿದೆ. ಅರಿವೇ ಗುರುವೆಂಬ ಭಾವವನ್ನು ಒಪ್ಪಿದ ಜನರು ಆ ಫಲಕದ ಕೆಳಗೆ ನಡೆಯುವುದನ್ನು ಉದಾಸೀನವಾಗಿ ನೋಡಲಾಗದು.

ಅಲ್ಲಿ ನಡೆಯಬಹುದಾದುದನ್ನು ಹೀಗೆ ಭಾವಿಸಬಹುದು. ಒಂದು ಊರು, ಅಲ್ಲಿ ಒಂದು ವಾಚನಾಲಯ, ಎರಡು ಕಪಾಟು, ಒಂದು ಉದ್ದನೆಯ ಮೇಜು, ನಾಲ್ಕಾರು ವೃತ್ತಪತ್ರಿಕೆಗಳು. ಯಾರೋ ಒಬ್ಬರು ಬಂದು, ಇಂಥ ಪುಸ್ತಕದಲ್ಲಿ ಇಂಥ ಶರಣರ ವಿಷಯವಾಗಿ ಅಗೌರವದ ಮಾತಿದೆಯಂತೆ, ಅದನ್ನು ತೆಗೆದುಹಾಕಬೇಕು ಎನ್ನುತ್ತಾರೆ. ‘ಇದೆಯಂತೆ’ ಎಂಬ ಆ ಪ್ರತ್ಯಯವನ್ನು ಗಮನಿಸಬೇಕು. ವ್ಯಾಕರಣದ ಪುಟ್ಟ ಪ್ರತ್ಯಯವೊಂದು ಎಷ್ಟು ಅನರ್ಥವನ್ನು ಹೊರಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಹೇಳಿದವರು ಓದಿಲ್ಲ. ಕೇಳಿದ ಮೇಲ್ವಿಚಾರಕನೂ ಓದಿಲ್ಲ. ಅವನು ಅಲ್ಪ ಸಂಬಳದ ಮನುಷ್ಯ, ಊರಿನ ಹಿರಿಯರ ಮುಖ ನೋಡಿ ಬದುಕತಕ್ಕವನು. ಪುಸ್ತಕವನ್ನು ಕಪಾಟಿನ ಹಿಂದಕ್ಕೆ ಸರಿಸುತ್ತಾನೆ. ಠರಾವಿಲ್ಲ, ಆಜ್ಞೆಯಿಲ್ಲ, ಗದ್ದಲವೂ ಇಲ್ಲ. ಮಾರನೆಯ ದಿನ ಅದನ್ನು ಕೇಳಿಕೊಂಡು ಬಂದ ಹುಡುಗಿಗೆ ‘ಇಲ್ಲ’ ಎಂಬ ಒಂದು ಮಾತು ಸಿಗುತ್ತದೆ. ನಗರದ ಧನಿಕನಿಗೆ ಇದರಿಂದ ಏನೂ ಆಗದು. ಅವನು ಕೊಂಡು ಓದುತ್ತಾನೆ. ಕೊಳ್ಳಲಾರದವರಿಗಾಗಿಯೇ ಗ್ರಂಥಾಲಯ ಹುಟ್ಟಿತು. ಆದುದರಿಂದ ಗ್ರಂಥಾಲಯದಿಂದ ಒಂದು ಪುಸ್ತಕವನ್ನು ತೆಗೆದರೆ ಬಡವನಿಗೆ ಮಾತ್ರ ಅದನ್ನು ತೆಗೆದಂತಾಗುತ್ತದೆ. ಹಳೆಯ ಅಧಿಕಾರಭೇದವು ಕುಲದ ಹೆಸರಿನಲ್ಲಿತ್ತು. ಇದು ಹಣದ ಹೆಸರಿನಲ್ಲಿ ಮರಳಿ ಬಂದ ಅಧಿಕಾರಭೇದ.

ಇನ್ನು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳಬೇಕು. ದುರ್ಬಲವಾಗಿ ಹೇಳಿದ ಪೂರ್ವಪಕ್ಷವನ್ನು ಗೆಲ್ಲುವುದರಲ್ಲಿ ಹಿರಿಮೆಯಿಲ್ಲ. ಭಕ್ತನ ಮನಸ್ಸು ನೋಯುತ್ತದೆ ಎಂಬುದೇ ಆ ಪಕ್ಷದ ಮುಖ್ಯವಾದ ಮಾತು. ಇದು ಹುಸಿಯಲ್ಲ. ನಿತ್ಯವೂ ಲಿಂಗಪೂಜೆಯ ಹೊತ್ತಿನಲ್ಲಿ ಯಾರ ಹೆಸರನ್ನು ನೆನೆದು ಕಣ್ಣು ಮುಚ್ಚುವನೋ ಅವರ ಜನ್ಮವನ್ನೋ ಶೀಲವನ್ನೋ ಕುರಿತು ಒಬ್ಬ ಲೇಖಕನು ಊಹೆಯ ಮಾತನ್ನಾಡಿದರೆ, ಭಕ್ತನಿಗೆ ತನ್ನ ತಾಯಿಯನ್ನೇ ಅಂದಂತಾಗುತ್ತದೆ. ಪಂಡಿತರು ಈ ನೋವನ್ನು ಕಂಡು ನಗುವುದುಂಟು. ಅದು ಪಾಂಡಿತ್ಯದ ಲಕ್ಷಣವಲ್ಲ.

ಈ ನಾಡಿನಲ್ಲಿ ಇಂಥ ನೋವು ಹಲವು ಸಲ ಬಹಿರಂಗವಾಗಿ ಪ್ರಕಟವಾಗಿದೆ. ಡಾ. ಎಂ. ಎಂ. ಕಲಬುರ್ಗಿಯವರ ‘ಮಾರ್ಗ’ದ ಮೊದಲನೆಯ ಸಂಪುಟವು 1989 ರಲ್ಲಿ ಕೋಲಾಹಲಕ್ಕೆ ಗುರಿಯಾಗಿ, ಅವರು ತಮ್ಮ ಕೆಲವು ಬರಹಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಪಿ. ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಗೆ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ಬಂದಿತು. ಅಕ್ಕನಾಗಮ್ಮನವರ ಚಿತ್ರಣದ ಕಾರಣದಿಂದ 1997 ರಲ್ಲಿ ಸರ್ಕಾರದ ಮುಟ್ಟುಗೋಲೂ ಬಂದಿತು. 2007 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಮಾರ್ಪಡಿಸಿದ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಯು 1998 ರಲ್ಲಿ ಮುಟ್ಟುಗೋಲಾಯಿತು, 2017 ರಲ್ಲಿ ಅದೂ ಸರ್ವೋಚ್ಚ ನ್ಯಾಯಾಲಯದಲ್ಲಿ ಸ್ಥಿರವಾಯಿತು. ಈ ಮೂರೂ ಬೇರೆ ಬೇರೆ ಜಾತಿಯ ಪ್ರಸಂಗಗಳು. ಒಂದು ಸಂಶೋಧನೆ, ಒಂದು ಕಲ್ಪನೆ, ಒಂದು ಪಾಠಾಂತರ. ಮೂರನೆಯದರಲ್ಲಿ ಆಕ್ಷೇಪಿಸಿದವರ ಕಡೆಗೆ ನ್ಯಾಯವಿಲ್ಲವೆನ್ನಲಾಗದು. ಕೂಡಲಸಂಗಮದೇವನ ಹೆಸರನ್ನು ಕಿತ್ತು ಬೇರೊಂದನ್ನು ಇಡುವುದು ವ್ಯಾಖ್ಯಾನವಲ್ಲ, ಮೂಲಕ್ಕೆ ಕೈ ಹಾಕಿದಂತೆ. ಅದು ತಪ್ಪೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಆದರೆ ಅದು ತಪ್ಪೆಂಬುದನ್ನು ಓದುಗನು ತಿಳಿಯುವ ಬಗೆ ಯಾವುದು? ಶುದ್ಧಪಾಠವುಳ್ಳ ಸಂಪುಟವನ್ನೂ ಅದನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದಾಗಲಲ್ಲವೇ? ಪಾಠಶೋಧನೆ ಬಲ್ಲವರೆಲ್ಲ ಮಾಡುವುದು ಅದನ್ನೇ. ಅಪಪಾಠವನ್ನು ಅವರು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾರೆ, ಸುಡುವುದಿಲ್ಲ.

ನ್ಯಾಯಾಲಯದ ತೀರ್ಪುಗಳಿಗೆ ತಲೆಬಾಗುವುದು ಪ್ರಜೆಯ ಧರ್ಮ. ಇಲ್ಲಿನ ಪ್ರಶ್ನೆ ಅದಕ್ಕೆ ಹೊರಗಿನದು. ಕಾನೂನು ನಿರ್ಣಯಿಸುವುದು ಸರ್ಕಾರವು ಏನನ್ನು ಮಾಡಬಹುದು ಎಂಬುದನ್ನು. ಶರಣರ ಹೆಸರು ಹೇಳುವ ಸಮಾಜವು ಸರ್ಕಾರವನ್ನು ಏನೆಂದು ಬೇಡಬೇಕು, ಏನನ್ನು ಬೇಡಬಾರದು ಎಂಬುದನ್ನು ಯಾವ ಕಾನೂನೂ ಹೇಳಿಕೊಡುವುದಿಲ್ಲ. ಅದಕ್ಕೆ ಶರಣರ ಚರಿತ್ರೆಯನ್ನೇ ನೋಡಬೇಕು.

ಆ ಚರಿತ್ರೆಯಲ್ಲಿ ನೋವಿನ ವಾದವನ್ನು ಮೊದಲು ಮಂಡಿಸಿದವರು ಯಾರು? ಶರಣರಲ್ಲ. ಶರಣರ ವಿರುದ್ಧ ಬಿಜ್ಜಳನ ಬಳಿಗೆ ದೂರು ಹೊತ್ತವರು. ದೇವರಿಗೂ ಭಕ್ತನಿಗೂ ನಡುವೆ ಮಧ್ಯಸ್ಥರು ಬೇಡವೆಂದಾಗ ಎಷ್ಟು ಮನಸ್ಸುಗಳು ನೊಂದಿರಬೇಕು! ಹೊಲೆ ಮಾದಿಗರೆನಿಸಿದವರೊಡನೆ ಸಹಪಂಕ್ತಿ ನಡೆದಾಗ, ಹೆಣ್ಣುಮಕ್ಕಳು ತತ್ತ್ವದ ಮಾತಿಗೆ ಎದುರು ಮಾತನಾಡಿದಾಗ ನೊಂದವರಿಗೆ ಲೆಕ್ಕವುಂಟೆ? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಮೂಲದ ಮಧುವರಸನ ಮಗಳಿಗೂ ವಿವಾಹವಾದಾಗ ಕಲ್ಯಾಣದ ಸಂಪ್ರದಾಯಸ್ಥರೆಲ್ಲರ ಮನಸ್ಸೂ ನೊಂದಿತು. ಅವರ ನೋವೂ ಪ್ರಾಮಾಣಿಕವಾದುದೇ. ತಮ್ಮ ತಂದೆತಾತಂದಿರು ಪವಿತ್ರವೆಂದು ನಂಬಿದುದನ್ನು ಕಣ್ಣೆದುರಿಗೆ ಮುರಿದರೆಂದು ಅವರು ನಿಜವಾಗಿಯೇ ಅತ್ತಿರಬೇಕು. ಆ ನೋವನ್ನೇ ನ್ಯಾಯದ ಅಳತೆಗೋಲಾಗಿ ಹಿಡಿದು ಬಿಜ್ಜಳನು ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯನ್ನು ವಿಧಿಸಿದನೆಂದು ಸಂಪ್ರದಾಯವು ಹೇಳುತ್ತದೆ. ಬಹುಜನರ ಮನಸ್ಸು ನೊಂದರೆ ಆ ಮಾತನ್ನು, ಆ ಕೃತಿಯನ್ನು ಪ್ರಭುಶಕ್ತಿಯಿಂದ ಅಡಗಿಸಬಹುದೆಂಬ ತತ್ತ್ವವನ್ನು ಒಪ್ಪಿದರೆ, ಬಿಜ್ಜಳನ ಕಾರ್ಯವು ತಪ್ಪೆಂದು ಹೇಳುವುದಕ್ಕೆ ಯಾವ ಆಧಾರ ಉಳಿಯಿತು? ಶರಣರು ಹೇಳಿದುದು ಸತ್ಯ, ಇಂದಿನ ಲೇಖಕರು ಹೇಳುವುದು ಅಸತ್ಯ, ಆದುದರಿಂದ ಎರಡೂ ಒಂದಲ್ಲವೆಂದು ಉತ್ತರ ಬರಬಹುದು. ಆದರೆ ಕಲ್ಯಾಣದ ಸಂಪ್ರದಾಯಸ್ಥರೂ ಶರಣರದು ಅಸತ್ಯವೆಂದೇ ನಂಬಿದ್ದರು. ಯಾವುದು ಸತ್ಯವೆಂಬ ವಿಚಾರಣೆ ಮುಗಿಯುವ ಮೊದಲೇ ಒಂದು ಪಕ್ಷದ ಬಾಯನ್ನು ಕಟ್ಟಿದರೆ, ಆ ವಿಚಾರಣೆ ಎಂದೆಂದಿಗೂ ಮುಗಿಯುವುದಿಲ್ಲ.

ಅಕ್ಕನಾಗಮ್ಮನವರ ಹೆಸರು ಮೇಲೆ ಬಂದಿತು. ಅವರ ಉತ್ತರಜೀವನವನ್ನು ಇಲ್ಲಿ ನೆನೆಯುವುದು ಉಚಿತ. ಕಲ್ಯಾಣದಲ್ಲಿ ವಿಪ್ಲವವಾಗಿ ಶರಣಸಮೂಹವು ದಿಕ್ಕುದಿಕ್ಕಿಗೆ ಚದುರಿದಾಗ, ಚೆನ್ನಬಸವಣ್ಣನವರೊಡನೆ ಅಕ್ಕನಾಗಮ್ಮನವರೂ ಒಂದು ದೊಡ್ಡ ತಂಡವನ್ನು ಕರೆದುಕೊಂಡು ಉಳವಿಯ ಕಡೆಗೆ ನಡೆದರು. ಮಡಿವಾಳ ಮಾಚಯ್ಯನವರು ಹಿಂದಿನಿಂದ ಬರುವ ಸೇನೆಯನ್ನು ತಡೆದರು. ಆ ತಂಡದವರು ಹೊತ್ತುಕೊಂಡು ಹೋದ ಸಂಪತ್ತು ಬಂಗಾರವಲ್ಲ, ವಚನಗಳ ಓಲೆಕಟ್ಟುಗಳು ಎಂಬುದು ಶರಣಪರಂಪರೆಯ ದೃಢವಾದ ನಂಬಿಕೆ. ಸಹ್ಯಾದ್ರಿಯ ಕಾಡಿನ ದಾರಿಯಲ್ಲಿ, ಮುದುಕರೂ ಮಕ್ಕಳೂ ಇರುವ ಗುಂಪಿನಲ್ಲಿ, ಅನ್ನದ ಗಂಟಿನ ಜೊತೆಗೆ ಓಲೆಯ ಗಂಟನ್ನೂ ಹೊರಿಸಿಕೊಂಡು ಹೊರಟ ಆ ತಾಯಿಗೆ, ಆಳುವವರ ಕೋಪದಿಂದ ಗ್ರಂಥಗಳಿಗೆ ಬರುವ ಗತಿ ಏನೆಂಬುದು ಬೇರೊಬ್ಬರು ಹೇಳಿ ತಿಳಿಯಬೇಕಾಗಿರಲಿಲ್ಲ. ಏಳೆಂಟು ಶತಮಾನಗಳ ಮೇಲೆ ಆಕೆಯ ಗೌರವವನ್ನು ಕಾಪಾಡುವುದಕ್ಕೆಂದೇ ಒಂದು ಗ್ರಂಥವನ್ನು ಸರ್ಕಾರದ ಕೈಯಲ್ಲಿ ಹಿಡಿಸಬೇಕಾಯಿತು. ಆ ಕಾದಂಬರಿಯಲ್ಲಿನ ಕಲ್ಪನೆಯನ್ನು ಒಪ್ಪಬೇಕೆಂದು ಯಾರೂ ಹೇಳುವುದಿಲ್ಲ. ಒಪ್ಪದಿರುವುದಕ್ಕೆ ಬಲವಾದ ಕಾರಣಗಳಿವೆ. ಆದರೂ ಈ ಎರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಶರಣಧರ್ಮದ ಅಭಿಮಾನಿಗೆ ತಲೆ ತಗ್ಗುವಂತಾಗದಿರದು.

ಕಲಬುರ್ಗಿಯವರು 2015 ರ ಆಗಸ್ಟ್ 30 ರಂದು ಧಾರವಾಡದಲ್ಲಿ ತಮ್ಮ ಮನೆಯಲ್ಲಿಯೇ ಗುಂಡೇಟಿಗೆ ಬಲಿಯಾದರು. ಅದಕ್ಕೂ 1989 ರ ಪ್ರಸಂಗಕ್ಕೂ ಗಂಟು ಹಾಕುವುದು ಇಲ್ಲಿನ ಉದ್ದೇಶವಲ್ಲ. ಕೊಲೆಯ ವಿಚಾರಣೆ ನ್ಯಾಯಾಲಯದ ಕಾರ್ಯ. ಆದರೆ ಸಮಗ್ರ ವಚನ ಸಂಪುಟದ ಹದಿನೈದು ಸಂಪುಟಗಳನ್ನು ಇಂದು ಕಪಾಟಿನಿಂದ ತೆಗೆದು ಓದುವವರೆಲ್ಲರೂ, ಆ ಮಹಾಕಾರ್ಯದಲ್ಲಿ ಪ್ರಮುಖವಾಗಿ ದುಡಿದ ವಿದ್ವಾಂಸರೊಬ್ಬರು ತಮ್ಮವರ ಎದುರಿನಲ್ಲಿಯೇ ತಮ್ಮ ಮಾತನ್ನು ನುಂಗಿಕೊಳ್ಳಬೇಕಾಯಿತೆಂಬುದನ್ನು ಮರೆಯಬಾರದು. ಅವರ ಊಹೆ ತಪ್ಪಾಗಿದ್ದಿತೆಂದೇ ಇಟ್ಟುಕೊಂಡರೂ, ಶಾಸನ ಓಲೆಗಳ ಆಧಾರದಿಂದ ಅದು ತಪ್ಪೆಂದು ತೋರಿಸಲು ಸಮರ್ಥರಾದ ವಿದ್ವಾಂಸರು ಈ ಸಮಾಜದಲ್ಲಿ ಇರಲಿಲ್ಲವೆ? ಇದ್ದರು. ಒತ್ತಾಯದಿಂದ ಹಿಂತೆಗೆಸಿದುದರಿಂದ ಆ ವಿದ್ವಾಂಸರ ಖಂಡನಕ್ಕೂ ಬೆಲೆಯಿಲ್ಲದಂತಾಯಿತು. ವಾದದಿಂದ ಸೋತ ಮಾತು ಸೋತೇ ಹೋಗುತ್ತದೆ. ಬಲದಿಂದ ಅಡಗಿಸಿದ ಮಾತಾದರೋ ಪಿಸುಮಾತಾಗಿ ಮನೆಮನೆಗೆ ಹೋಗುತ್ತದೆ.

ಅಸತ್ಯವನ್ನು ಹೇಳುವ ಗ್ರಂಥವನ್ನು ಏಕೆ ಉಳಿಸಬೇಕೆಂಬ ಪ್ರಶ್ನೆಗೆ ಭಾರತೀಯ ಶಾಸ್ತ್ರಪರಂಪರೆ ಬಹು ಹಿಂದೆಯೇ ಉತ್ತರವನ್ನು ಕೊಟ್ಟಿದೆ. ಯಾವ ದರ್ಶನವೇ ಆಗಲಿ, ಪ್ರತಿವಾದಿಯ ಮತವನ್ನು ಪೂರ್ವಪಕ್ಷವಾಗಿ ಎತ್ತಿ ಹೇಳದೆ ಸಿದ್ಧಾಂತಕ್ಕೆ ಹೋಗುವಂತಿಲ್ಲ. ಹದಿನಾಲ್ಕನೆಯ ಶತಮಾನದ ಸರ್ವದರ್ಶನಸಂಗ್ರಹವು ಮೊದಲು ನಿರೂಪಿಸುವುದು ವೇದವನ್ನೂ ಪರಲೋಕವನ್ನೂ ಅಲ್ಲಗಳೆಯುವ ಚಾರ್ವಾಕರ ಮತವನ್ನು. ಲೋಕಾಯತರ ಗ್ರಂಥಗಳು ಬಹುಮಟ್ಟಿಗೆ ನಷ್ಟವಾಗಿವೆ. ಅವರ ವಿಷಯವಾಗಿ ಇಂದು ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಅವರನ್ನು ಖಂಡಿಸಿದವರ ಬರಹಗಳಿಂದಲೇ ಬಂದುದು. ಇದಕ್ಕಿಂತಲೂ ಸೋಜಿಗವಾದ ಒಂದು ಸಂಗತಿಯುಂಟು. ಜಯರಾಶಿಭಟ್ಟನ ತತ್ತ್ವೋಪಪ್ಲವಸಿಂಹವೆಂಬ ಗ್ರಂಥವು ಎಲ್ಲ ದರ್ಶನಗಳ ಪ್ರಮಾಣಗಳನ್ನೂ ಒಂದೊಂದಾಗಿ ಒಡೆದುಹಾಕುತ್ತದೆ, ಜೈನರನ್ನೂ ಬಿಡುವುದಿಲ್ಲ. ಅದರ ಪ್ರತಿ 1926 ರಲ್ಲಿ ದೊರೆತುದು ಗುಜರಾತಿನ ಪಾಟಣದ ಜೈನ ಭಂಡಾರದಲ್ಲಿ. ಅದು ಅಚ್ಚಾದುದು 1940 ರಲ್ಲಿ. ತಮ್ಮ ಮತವನ್ನೇ ಖಂಡಿಸುವ ಗ್ರಂಥವನ್ನು ಆ ಭಂಡಾರದವರು ತಲೆಮಾರುಗಳ ಕಾಲ ಜೋಪಾನ ಮಾಡಿದರು. ಅವರಿಗೆ ತಮ್ಮ ತತ್ತ್ವದಲ್ಲಿ ಶ್ರದ್ಧೆ ಕಡಿಮೆಯಾಗಿತ್ತೆಂದು ಯಾರೂ ಹೇಳಲಾರರು.

ವೀರಶೈವ ಸಾಹಿತ್ಯದಲ್ಲಿಯೂ ಇದಕ್ಕೆ ಸಮನಾದ ನಿದರ್ಶನವಿದೆ. ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದರು. ಬಳಿಕ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು. ಸೊನ್ನಲಿಗೆಯ ಸಿದ್ಧರಾಮರಿಗೆ ಇಷ್ಟಲಿಂಗದೀಕ್ಷೆಯಾಯಿತೇ ಎಂಬ ವಿಷಯದಲ್ಲಿ ಇವುಗಳಿಗೆ ಏಕವಾಕ್ಯತೆಯಿಲ್ಲ. ಮೊದಲನೆಯದರಲ್ಲಿ ಆ ಪ್ರಸಂಗವಿಲ್ಲ, ಗೂಳೂರರದರಲ್ಲಿ ಇದೆ. ಇದು ಸಣ್ಣ ಭೇದವೇನೂ ಅಲ್ಲ, ಲಿಂಗದೀಕ್ಷೆಯನ್ನು ಪ್ರಾಣವೆಂದು ತಿಳಿದವರಿಗೆ ಇದು ಮರ್ಮಸ್ಥಾನ. ಹಾಗಿದ್ದರೂ ಹಿಂದಿನ ಸಂಕಲನ ಸರಿಯಿಲ್ಲವೆಂದು ಕಂಡವರು ಮಾಡಿದ ಕಾರ್ಯವೇನೆಂದರೆ, ಕುಳಿತು ಮತ್ತೊಂದನ್ನು ರಚಿಸಿದುದು. ಹಿಂದಿನದನ್ನು ಅಳಿಸಲಿಲ್ಲ. ನಾಲ್ಕೂ ಉಳಿದುಬಂದು, ನಾಲ್ಕೂ ಅಚ್ಚಾಗಿವೆ. ಇನ್ನು ಆ ಗ್ರಂಥಗಳ ಒಳಗಿರುವುದಾದರೂ ಏನು? ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಕೇಳುವ ಪ್ರಶ್ನೆಗಳು ಇಂದಿನ ಸಭೆಯೊಂದರಲ್ಲಿ ಕೇಳಿಬಂದರೆ ಅರ್ಧ ಸಭೆ ಎದ್ದು ಹೋದೀತು. ಸಿದ್ಧರಾಮರು ಕಟ್ಟಿಸಿದ ಕೆರೆ ದೇಗುಲಗಳನ್ನು ಪ್ರಭುಗಳು ಜರೆಯುತ್ತಾರೆ. ಮೊದಲು ಸಿಟ್ಟಾದ ಸಿದ್ಧರಾಮರು ಕೊನೆಗೆ ಅವರ ಮಾತನ್ನು ಕೇಳಿ ಮನಗಾಣುತ್ತಾರೆ. ಅಣ್ಣನ ಅಗಲಿಕೆಯಿಂದ ನೊಂದ ಮುಕ್ತಾಯಕ್ಕ ಪ್ರಭುಗಳ ಮಾತನ್ನು ಸುಮ್ಮನೆ ಒಪ್ಪದೆ ಮರಳಿ ಮರಳಿ ಪ್ರಶ್ನಿಸುತ್ತಾಳೆ. ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸುತ್ತಾಳೆ. ನೋಯಿಸದ ಮಾತಿಗೆ ಮಾತ್ರ ಎಡೆಯೆಂಬ ನಿಯಮ ಆ ಮಂಟಪದಲ್ಲಿದ್ದಿದ್ದರೆ ಸಂಪಾದನೆಗೆ ಸಾಮಗ್ರಿಯೇ ಸಿಗುತ್ತಿರಲಿಲ್ಲ.

ಇದನ್ನು ಹೇಳುವಾಗ ಮಠಗಳೂ ಭಕ್ತರೂ ತಮ್ಮ ಮನೆಯೊಳಗಣ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಗ್ರಂಥವನ್ನು ಅಗೌರವದಿಂದ ಮುಚ್ಚುವುದುಂಟು, ಅತಿಗೌರವದಿಂದ ಮುಚ್ಚುವುದೂ ಉಂಟು. ಎಷ್ಟೋ ಮನೆಗಳಲ್ಲಿ ವಚನದ ಓಲೆಕಟ್ಟುಗಳು ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲೆ ಕುಳಿತು ವಿಭೂತಿ ಪತ್ರೆಗಳ ಪೂಜೆಯನ್ನು ಪಡೆದವು. ಬಿಚ್ಚಿ ಓದುವವರು ಇಲ್ಲವಾದರು. ತಾಡವೋಲೆಯ ಆಯುಷ್ಯವು ಮಿತವಾದುದು. ಹುಳು ತೂತು ಕೊರೆಯುತ್ತದೆ, ಅಂಚು ಮುರಿಯುತ್ತದೆ. ಓದುವವನಿದ್ದರೆ ಪ್ರತಿ ಮಾಡಿಸುತ್ತಾನೆ. ಇಲ್ಲದಿದ್ದರೆ ಓಲೆಯೊಡನೆ ಕೃತಿಯೂ ಮಣ್ಣಾಗುತ್ತದೆ. ಹೀಗೆ ಪೂಜೆಯ ನಡುವೆಯೇ ಸತ್ತ ವಚನಗಳೆಷ್ಟೋ! ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಳಾದಿ ಸಿದ್ಧಾಂತಗ್ರಂಥಗಳೂ ಬಹುಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದು, ಅವುಗಳ ಮುದ್ರಣ ಆರಂಭವಾದುದು 1939 ರಲ್ಲಿ. ಯಾತ್ರಿಕರು ದೂರದಿಂದ ಕೈಮುಗಿದು ಹೋಗುತ್ತಿದ್ದರು. ಕೈಮುಗಿಸಿಕೊಳ್ಳುವುದಕ್ಕಾಗಿ ಗ್ರಂಥಕಾರನು ಗ್ರಂಥವನ್ನು ಬರೆಯಲಿಲ್ಲ.

ವಚನಗಳ ಮಟ್ಟಿಗೆ ಆ ಬಟ್ಟೆಯ ಗಂಟನ್ನು ಬಿಚ್ಚಿದವರಲ್ಲಿ ಅಗ್ರಗಣ್ಯರು ಫ. ಗು. ಹಳಕಟ್ಟಿಯವರು. 1880 ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಊರೂರು ಅಲೆದು ಓಲೆಗಳನ್ನು ಕೂಡಿಸಿ, 1923 ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926 ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ತಮ್ಮದೇ ಆದ ಮುದ್ರಣಾಲಯವನ್ನು ನಡೆಸಿ ಕೈಯ ಹಣವನ್ನೆಲ್ಲ ಅದಕ್ಕೆ ಸುರಿದರು. ಅವರು ಅಚ್ಚು ಹಾಕಿಸಿದ ಮೇಲೆ ವಚನವನ್ನು ಯಾರು ಬೇಕಾದರೂ ಓದಬಹುದಾಯಿತು. ಲಿಂಗವಂತನಲ್ಲದವನೂ, ಕ್ರೈಸ್ತನೂ, ಮುಸಲ್ಮಾನನೂ, ನಾಸ್ತಿಕನೂ ಓದಿದರು, ತಮ್ಮ ತಮ್ಮ ಬಗೆಯಲ್ಲಿ ಅರ್ಥ ಮಾಡಿದರು. ಅವುಗಳಲ್ಲಿ ಕೆಲವು ಅರ್ಥಗಳು ವಿಪರೀತವಾಗಿರಬಹುದು. ಆ ಭಯದಿಂದ ಅವರು ಗಂಟನ್ನು ಬಿಚ್ಚದೆ ಇಟ್ಟಿದ್ದರೆ, ಇಂದು ಶರಣರ ಗೌರವಕ್ಕೆ ಧಕ್ಕೆಯಾಯಿತೆಂದು ಕೂಗುವುದಕ್ಕೂ ಶರಣರ ಮಾತು ಯಾರ ಕೈಯಲ್ಲಿಯೂ ಇರುತ್ತಿರಲಿಲ್ಲ.

ಮಕ್ಕಳ ವಿಷಯವಾಗಿ ಒಂದು ಮಾತು. ಎಳೆಯ ಮನಸ್ಸಿಗೆ ಎಲ್ಲ ಪುಸ್ತಕವೂ ಎಲ್ಲ ಕಾಲಕ್ಕೂ ಹಿತವಲ್ಲವೆಂಬುದು ನಿಜ. ವೈದ್ಯನು ಪಥ್ಯ ಹೇಳುವಂತೆ ಗುರುವೂ ತಂದೆತಾಯಿಗಳೂ ಹೇಳಬೇಕು. ಆದರೆ ಒಂದು ಮನೆಯ ಮಗುವಿನ ಪಥ್ಯವನ್ನು ಊರಿಗೆಲ್ಲ ವಿಧಿಸುವುದು ವೈದ್ಯವಲ್ಲ. ಮಗುವಿನ ಪಕ್ಕದಲ್ಲಿ ಕುಳಿತು ಓದಿಸುವ ಹಿರಿಯನಿರುವಲ್ಲಿ ಬೀಗದ ಅವಶ್ಯಕತೆ ತೀರ ಕಡಿಮೆ. ಬೀಗವನ್ನು ಕೇಳುವವರು ಬಹುಶಃ ಪಕ್ಕದಲ್ಲಿ ಕುಳಿತುಕೊಳ್ಳಲು ಬಿಡುವಿಲ್ಲದವರು.

ಗ್ರಂಥಾಲಯಕ್ಕೆ ಪುಸ್ತಕಗಳನ್ನು ಆರಿಸುವುದೂ ಒಂದು ಬಗೆಯ ನಿಷೇಧವಲ್ಲವೇ ಎಂಬ ಶಂಕೆಗೂ ಸಮಾಧಾನ ಹೇಳಬೇಕು. ಹಣ ಅಲ್ಪ, ಕಪಾಟು ಎರಡು, ಎಲ್ಲವನ್ನೂ ತರಲಾಗದು. ಆದರೆ ಆರಿಸುವವನು ಊರಿನವರಿಗೆ ಏನು ಬೇಕೆಂದು ಹುಡುಕುತ್ತಾನೆ. ನಿಷೇಧಿಸುವವನು ಊರಿನವರ ಕೈಗೆ ಏನು ಸಿಗಬಾರದೆಂದು ಹುಡುಕುತ್ತಾನೆ. ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931 ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂದುದಲ್ಲದೆ ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗನು ಸಿಗಬೇಕೆಂದೂ ವಿಧಿಸಿದರು. ಎರಡನೆಯ ವಿಧಿ ಬಹಳ ಸೂಕ್ಷ್ಮವಾದುದು. ಯಾರೂ ಮೆಚ್ಚದ ಪುಸ್ತಕಕ್ಕೂ ಆ ಊರಿನಲ್ಲಿ ಎಲ್ಲಿಯೋ ಒಬ್ಬ ಓದುಗನಿರಬಹುದು. ಅವನು ಅದನ್ನು ಮೆಚ್ಚಿಯೇ ಓದಬೇಕೆಂಬ ನಿಯಮವಿಲ್ಲ, ಖಂಡಿಸುವುದಕ್ಕಾಗಿಯೂ ಓದಬಹುದು.

ಹಾಗಾದರೆ ನೊಂದ ಭಕ್ತನು ಮಾಡಬೇಕಾದುದೇನು? ಅವನು ಸುಮ್ಮನಿರಬೇಕೆಂದು ಹೇಳಿದರೆ ಅವನ ಬಾಯಿಗೂ ಬೀಗ ಹಾಕಿದಂತಾಗುತ್ತದೆ. ಮೊದಲು ಅವನು ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಲಿ. ಓದಿದ ಮೇಲೆಯೂ ನೋವು ಉಳಿದರೆ, ಯಾವ ಪುಟದಲ್ಲಿ ಯಾವ ಮಾತು ಏತಕ್ಕೆ ಸಲ್ಲದೆಂಬುದನ್ನು ಬರೆದು ಕೊಡಲಿ. ಆ ಬರಹವನ್ನೂ ಗ್ರಂಥಾಲಯದವರು ಅದೇ ಕಪಾಟಿನಲ್ಲಿ ಇಡಲಿ. ಊರಿನ ಮಠದ ಪಡಸಾಲೆಯಲ್ಲಿ ಶಿವಾನುಭವ ಗೋಷ್ಠಿ ನಡೆಯುವುದು ಏತಕ್ಕಾಗಿ? ಅಲ್ಲಿ ಬಲ್ಲವರನ್ನು ಕರೆಸಿ ಎರಡು ಪಕ್ಷವನ್ನೂ ಹೇಳಿಸಬಹುದು. ಸ್ವಾಮಿಗಳವರ ಸನ್ನಿಧಿಯಲ್ಲಿ ನಡೆಯುವ ಚರ್ಚೆಯಲ್ಲಿ ಕಲ್ಲು ತೂರುವ ಧೈರ್ಯ ಯಾರಿಗೂ ಬರಲಾರದು. ಮಠಾಧಿಪತಿಗಳು ಮನಸ್ಸು ಮಾಡಿದರೆ, ಹೆದರಿಕೊಂಡ ಆ ಅಲ್ಪ ಸಂಬಳದ ಮೇಲ್ವಿಚಾರಕನ ಬೆನ್ನಿಗೆ ನಿಲ್ಲುವುದು ಅವರಿಗೆ ಒಂದು ಮಾತಿನ ಕೆಲಸ. ನಿಷೇಧ ಬೇಕೆಂದು ಮನವಿಪತ್ರಕ್ಕೆ ಅಂಕಿತ ಹಾಕುವುದೂ ಒಂದು ಮಾತಿನ ಕೆಲಸವೇ. ಯಾವುದನ್ನು ಮಾಡಬೇಕೆಂಬುದು ಆಯಾ ಪೀಠದ ವಿವೇಕಕ್ಕೆ ಬಿಟ್ಟುದು.

ದಾಸೋಹದ ಪಂಕ್ತಿಯ ರೀತಿಯನ್ನು ಇಲ್ಲಿ ನೆನೆಯಬಹುದು. ಬಡಿಸುವವನು ಬರುತ್ತಾನೆ, ಬೇಡವಾದವನು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾನೆ, ಬಡಿಸುವವನು ಮುಂದಿನ ಎಲೆಗೆ ಹೋಗುತ್ತಾನೆ. ತನಗೆ ಬೇಡವೆಂದು ಪಾತ್ರೆಯನ್ನೇ ಮಗುಚಿದವನನ್ನು ಯಾವ ಮಠದ ಪ್ರಸಾದನಿಲಯದಲ್ಲಿಯೂ ಕಂಡವರಿಲ್ಲ. ಅನ್ನ, ಅಕ್ಷರ, ಆಶ್ರಯಗಳನ್ನು ದಾಸೋಹವೆಂದು ತಿಳಿದ ಮಠಗಳಲ್ಲಿ ಅನ್ನಕ್ಕೆ ಒಂದು ನೀತಿ, ಅಕ್ಷರಕ್ಕೆ ಇನ್ನೊಂದು ನೀತಿ ಸಲ್ಲುವುದು ಹೇಗೆ? ಭಗವದ್ಗೀತೆಯ ಕೊನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನೂ ಹೇಳಬೇಕಾದುದನ್ನೆಲ್ಲ ಹೇಳಿದ ಮೇಲೆ, ಪೂರ್ತಿಯಾಗಿ ವಿಮರ್ಶಿಸಿ ನಿನಗೆ ಸರಿತೋರಿದಂತೆ ನಡೆ ಎಂದು ನಿರ್ಣಯವನ್ನು ಅರ್ಜುನನಿಗೇ ಬಿಡುತ್ತಾನೆ. ಶ್ರವಣದ ಬಳಿಕ ಮನನವಿರಬೇಕೆಂದು ಉಪನಿಷತ್ತು ಹೇಳಿದುದರ ಅರ್ಥವೂ ಇದೇ. ಒಂದೇ ಪಕ್ಷವನ್ನು ಕೇಳಿದವನಿಗೆ ಮನನ ಮಾಡಲು ಏನೂ ಇರುವುದಿಲ್ಲ. ಅವನು ಮಾಡುವುದು ಪಠನ ಮಾತ್ರ.

ಹಳೆಯ ಓಲೆಗ್ರಂಥಗಳನ್ನು ನೋಡಿದವರಿಗೆ ಒಂದು ಸಂಗತಿ ಪರಿಚಿತ. ಕಂಠದಿಂದ ಕೊರೆದು ಕೊರೆದು ಬೆರಳು ಮರಗಟ್ಟಿದ ಲಿಪಿಕಾರನು ಕೊನೆಯ ಗರಿಯಲ್ಲಿ ತಿಥಿವಾರಗಳನ್ನು ಬರೆದು, ಅಕ್ಷರವೇನಾದರೂ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಂಡು ಕೈಮುಗಿಯುತ್ತಾನೆ. ಆ ಓಲೆ ಯಾರ ಕೈಗೆ ಹೋಗುವುದೋ ಅವನಿಗೆ ತಿಳಿಯದು. ಓದುವವನು ಯಾವ ಕುಲದವನು, ಯಾವ ಮತದವನು, ಗಂಡಸೋ ಹೆಂಗಸೋ ಅವನು ಕೇಳಿಲ್ಲ. ತಪ್ಪನ್ನು ತಪ್ಪೆಂದು ಕಂಡು ತಿದ್ದಬಲ್ಲವನೆಂದು ಮಾತ್ರ ನಂಬಿ, ಓಲೆಗಳಿಗೆ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಹಲಗೆಯಿಟ್ಟು ಕಟ್ಟಿದ್ದಾನೆ.